ಲೈಟು ದೊಡ್ಡದಾಗುತ್ತಂತೆ

ನಮ್ಮ ಮನೆಯಲ್ಲಿ ಅಕ್ಕಿ ಯಾವತ್ತೂ ಮುಗಿಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ಡಬ್ಬದ ತಳ ಕಂಡ ದಿನ ಅಮ್ಮ, "ಅಕ್ಕಿ ಹೆಚ್ಚಿದೆ, ಬರ್ತಾ ತಗೊಂಡ್ಬನ್ನಿ" ಎಂದು ಅಪ್ಪನಿಗೆ ಹೇಳುತ್ತಿದ್ದಳು. ಬಳೆ ಒಡೆದರೆ ಬಳೆ ಹೆಚ್ಚಿತು. ದೇವರ ಮುಂದಿನ ದೀಪ ಎಣ್ಣೆ ತೀರಿ ನಂದಿದರೆ ದೀಪ ದೊಡ್ಡದಾಯಿತು. ಆರಿತು ಎಂಬ ಮಾತು ಅವಳ ಬಾಯಲ್ಲಿ ಬಂದದ್ದನ್ನು ನಾನು ಕೇಳಿರಲೇ ಇಲ್ಲ. ಶಿವಮೊಗ್ಗದ ಕೋಟೆಯ ನಮ್ಮ ಓಣಿಯಲ್ಲಿ ಹೆಂಗಸರೆಲ್ಲ ಹೀಗೆಯೇ ಮಾತಾಡುತ್ತಿದ್ದರು, ಇದರಲ್ಲಿ ಅಮ್ಮನ ವಿಶೇಷವೇನೂ ಇರಲಿಲ್ಲ. ಉಳಿದವರು ಎಣ್ಣೆಯ ದೀಪಕ್ಕೆ ಮಾತ್ರ ಹಾಗೆ ಅನ್ನುತ್ತಿದ್ದರು. ಅಮ್ಮ ಬೈಕಿನ ಲೈಟಿಗೂ ಅಂದಳು.

ಆ ಒಂದು ಮಾತಿನಿಂದಲೇ ಅಪ್ಪ ಸತ್ತರೆಂದು ಆಮೇಲೆ ಅವಳು ನಂಬಿದಳು. ಅದು ನಿಜವೋ ಸುಳ್ಳೋ ತಿಳಿಯಬೇಕೆಂದು ನಾನು ಭದ್ರಾವತಿಯ ಪೊಲೀಸ್ ಠಾಣೆಯ ಅಂಗಳದವರೆಗೆ ಹೋಗಿ ಬಂದೆ. ತೊಂಬತ್ತರ ದಶಕದ ಕೊನೆಯ ಮಾತು ಇದು. ನಾನು ಆಗ ಡಿಗ್ರಿ ಓದುತ್ತಿದ್ದೆ.

ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ, ನಾಲಿಗೆಯೂ ಉದ್ದ. ಅಮ್ಮನ ಈ ಮಡಿವಂತ ಮಾತುಗಳನ್ನು ಗೇಲಿ ಮಾಡದ ದಿನವೇ ಇರಲಿಲ್ಲ. ಸಂಜೆ ಕರೆಂಟ್ ಹೋದರೆ, "ಅಮ್ಮಾ, ಕರೆಂಟ್ ದೊಡ್ಡದಾಯ್ತು!" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದೆ. ಅಕೌಂಟೆನ್ಸಿಯಲ್ಲಿ ನಪಾಸಾದ ವರ್ಷ, "ಈ ಸಲ ಮಾರ್ಕ್ಸ್ ಹೆಚ್ಚಿದೆ ಕಣಮ್ಮ" ಎಂದೆ. ಅವಳು ಪಾಪ ಸಂತೋಷಪಟ್ಟು ಸಕ್ಕರೆ ಡಬ್ಬಕ್ಕೆ ಕೈ ಹಾಕಿದ್ದಳು. ಆಮೇಲೆ ಅಪ್ಪನ ಮುಖ ನೋಡಿ ಅರ್ಥವಾಗಿ, "ಬಾಯಿಗೆ ಬೆಂಕಿ ಹಾಕ! ನೆಟ್ಟಗೆ ಹೇಳೋಕೇನು ರೋಗ ನಿಂಗೆ?" ಎಂದಳು. ನೆಟ್ಟಗೆ ಹೇಳುವ ವಿಷಯದಲ್ಲಿ ಅಮ್ಮ ನನಗೆ ಪಾಠ ಹೇಳಿದ್ದಕ್ಕೆ ಅಪ್ಪನಿಗೆ ನಗು ತಡೆಯಲಾಗಲಿಲ್ಲ.

ಅಪ್ಪನಿಗೆ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ. ನ್ಯೂಟೌನಿನಲ್ಲಿ ಕ್ವಾರ್ಟರ್ಸ್ ಸಿಗುತ್ತಿತ್ತು, ಆದರೆ ಅಮ್ಮನಿಗೆ ತುಂಗೆಯನ್ನು ಬಿಟ್ಟು ಭದ್ರೆಯ ದಡಕ್ಕೆ ಹೋಗುವ ಮನಸ್ಸಿರಲಿಲ್ಲ. "ಗಂಗಾ ಸ್ನಾನ ತುಂಗಾ ಪಾನ ಅಂತಾರೆ. ಭದ್ರೆ ನೀರಿಗೆ ಯಾರಾದ್ರೂ ಗಾದೆ ಕಟ್ಟಿದಾರಾ?" ಎಂದು ಕೇಳುತ್ತಿದ್ದಳು. ಅಪ್ಪ ವಾದ ಮಾಡುವವರಲ್ಲ. ಸೆಕೆಂಡ್ ಹ್ಯಾಂಡ್ ಬೈಕೊಂದನ್ನು ಕೊಂಡು ದಿನವೂ ಹೋಗಿ ಬರತೊಡಗಿದರು. ಭಾನುವಾರ ಅದೇ ಬೈಕಿನಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಸಕ್ರೆಬೈಲಿಗೆ ಹೋಗುತ್ತಿದ್ದರು. ಆನೆಗಳು ಹೊಳೆಯಲ್ಲಿ ಮಲಗಿ ಬೆನ್ನು ತಿಕ್ಕಿಸಿಕೊಳ್ಳುವುದನ್ನು ನೋಡುತ್ತ ಅಮ್ಮ ಹೊತ್ತು ಮರೆತು ಕೂರುವಳು. ಅಪ್ಪ ಮಾತ್ರ ಬಿಸಿಲು ಇಳಿಯುವ ಮೊದಲೇ ಎಬ್ಬಿಸುತ್ತಿದ್ದರು. ಆ ಬೈಕಿನ ಲೈಟನ್ನು ಅವರು ಪೂರ್ತಿ ನಂಬಿದ್ದೇ ಇಲ್ಲ.

ಅದಕ್ಕೆ ಕಾರಣವಿತ್ತು. ಆ ಕಾಲದ ಬಹಳ ಬೈಕುಗಳಂತೆ ನಮ್ಮದರ ಹೆಡ್‌ಲೈಟಿಗೂ ಬ್ಯಾಟರಿಯ ಆಸರೆ ಇರಲಿಲ್ಲ. ಇಂಜಿನ್ ತಿರುಗಿದಷ್ಟೇ ಬೆಳಕು. ರಸ್ತೆಯ ಹಂಪಿನ ಹತ್ತಿರ ನಿಧಾನ ಮಾಡಿದರೆ ಲೈಟು ನಿದ್ದೆಗಣ್ಣಿನವರ ಹಾಗೆ ಕೆಂಪಗಾಗುವುದು, ಆಕ್ಸಿಲರೇಟರ್ ತಿರುವಿದರೆ ಬೆಳ್ಳಗೆ ಉರಿಯುವುದು. ಕರೆಂಟು ಮಿತಿ ಮೀರದಂತೆ ತಡೆಯಲು ರೆಗ್ಯುಲೇಟರ್ ಎಂಬ ಪುಟ್ಟ ಪೆಟ್ಟಿಗೆ ಒಂದಿರುತ್ತದೆ. ಅದು ಕೆಟ್ಟರೆ ಆಕ್ಸಿಲರೇಟರ್ ತಿರುವಿದಾಗಲೆಲ್ಲ ಬೆಳಕು ವಿಪರೀತವಾಗಿ ಬಲ್ಬು ಸುಟ್ಟು ಹೋಗುತ್ತದೆ. ಇದನ್ನೆಲ್ಲ ನಾನು ಕಲಿತದ್ದು ಅಪ್ಪ ಹೋದ ಮೇಲೆ. ಅವರಿದ್ದಾಗ ನನಗೆ ಬೈಕೆಂದರೆ ಹಿಂದೆ ಕೂತು ಕೂದಲು ಹಾರಿಸಿಕೊಳ್ಳುವ ಸಾಧನ, ಅಷ್ಟೇ.

ಅಪ್ಪನಿಗೆ ಒಂದು ಅಭ್ಯಾಸವಿತ್ತು. ಕತ್ತಲಾದ ಮೇಲೆ ಬರಬೇಕಾಗುವ ಶಿಫ್ಟಿದ್ದರೆ, ಹೊರಡುವ ಮೊದಲು ಬೈಕನ್ನು ಓಣಿಯ ಎದುರುಗೋಡೆಗೆ ಮುಖ ಮಾಡಿ ನಿಲ್ಲಿಸಿ ಸ್ಟಾರ್ಟ್ ಮಾಡಿ, ಗೋಡೆಯ ಮೇಲೆ ಬೀಳುವ ಬೆಳಕನ್ನು ನೋಡುತ್ತಿದ್ದರು. ಬ್ರೈಟ್ ಹಾಕುವರು, ಡಿಮ್ ಹಾಕುವರು, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಹೊರಳಿಸುವರು. ಒಂದು ದಿನ ಹ್ಯಾಂಡಲ್ ಹೊರಳಿಸಿದಾಗ ಗೋಡೆಯ ಬೆಳಕು ಫಕ್ಕನೆ ಮಾಯವಾಯಿತು. ನೆಟ್ಟಗೆ ಮಾಡಿದರೆ ಮತ್ತೆ ಬಂತು. ಮೊದಲು ಸ್ವಿಚ್ಚಿನದೇ ತೊಂದರೆ ಅಂದುಕೊಂಡು, ಭಾನುವಾರ ಜಗಲಿಯ ಮೇಲೆ ಪೇಪರ್ ಹಾಸಿ ಸ್ವಿಚ್ಚನ್ನು ಬಿಚ್ಚಿದರು. ಒಳಗಿನ ತಾಮ್ರದ ತುಂಡುಗಳು ಹಸಿರುಗಟ್ಟಿದ್ದವು. ಉಪ್ಪುಕಾಗದದಲ್ಲಿ ಉಜ್ಜಿ ಹೊಳೆಯುವಂತೆ ಮಾಡಿ ಕೂಡಿಸಿದರು. ಸ್ವಿಚ್ಚಿನ ಟಿಕ್ಕೆನ್ನುವ ಸದ್ದು ಹೊಸದರಂತಾಯಿತು, ಆದರೆ ಹ್ಯಾಂಡಲ್ ಹೊರಳಿಸಿದರೆ ಲೈಟು ಹೋಗುವುದು ನಿಲ್ಲಲಿಲ್ಲ.

"ಸ್ವಿಚ್ ಅಲ್ಲ, ಒಳಗಡೆ ವೈರೇ ಎಲ್ಲೋ ಕೈ ಕೊಡ್ತಿದೆ" ಎಂದರು ಅಪ್ಪ. ಮರುದಿನ ಅವರಿಗೆ ಬೆಳಗಿನ ಪಾಳಿ. ಬೈಕನ್ನು ಮನೆಯಲ್ಲೇ ಬಿಟ್ಟು ಬಸ್ಸಿಗೆ ಹೊರಟರು. ಹೊರಡುವಾಗ ಅಮ್ಮನಿಗೆ, "ಹ್ಯಾಂಡಲ್ ತಿರುಗಿಸಿದ್ರೆ ಲೈಟ್ ಹೋಗ್ತಿದೆ ಅಂತ ಮೆಕ್ಯಾನಿಕ್‌ಗೆ ಹೇಳು. ಗಾಡಿ ತಗೊಂಡು ಹೋಗಿ ನೋಡ್ತಾರೆ" ಎಂದರು.

ನಮ್ಮ ಮೆಕ್ಯಾನಿಕ್ಕಿನ ಅಂಗಡಿ ಕೋಟೆಯ ರಸ್ತೆ ಮುಗಿಯುವಲ್ಲಿತ್ತು. ಅಪ್ಪನಿಗಿಂತ ಸ್ವಲ್ಪ ಚಿಕ್ಕವರು, ಮಿತಭಾಷಿ. ಮನೆಯಲ್ಲಿ ದಖ್ಖನಿ, ಅಂಗಡಿಯಲ್ಲಿ ಕನ್ನಡ. ಅಮ್ಮ ಅವರನ್ನು ಭಾಯಿ ಎನ್ನುತ್ತಿದ್ದಳು, ಅವರು ಅಮ್ಮನನ್ನು ಅಕ್ಕ ಎನ್ನುತ್ತಿದ್ದರು. ಅವತ್ತು ಅವರು ಬಂದಾಗ ನಾನು ಕಾಲೇಜಿಗೆ ಹೊರಡಲು ಬಾಗಿಲ ಹತ್ತಿರ ಜಡೆ ಹಾಕಿಕೊಳ್ಳುತ್ತಿದ್ದೆ. ಅವರಿಬ್ಬರ ಮಾತು ನನಗೆ ಇವತ್ತಿಗೂ ಅಕ್ಷರಕ್ಕೆ ಅಕ್ಷರ ನೆನಪಿದೆ.

"ಭಾಯಿ, ಹ್ಯಾಂಡಲ್ ತಿರುವಿದ್ರೆ ಲೈಟು ದೊಡ್ಡದಾಗುತ್ತಂತೆ" ಎಂದಳು ಅಮ್ಮ.

"ಜಾಸ್ತಿ ದೊಡ್ಡದಾಗುತ್ತಾ ಅಕ್ಕ?"

"ಪೂರ್ತಿ ದೊಡ್ಡದಾಗುತ್ತಂತೆ. ಬಿಟ್ರೆ ಮತ್ತೆ ಮೊದಲಿನ ಹಂಗೆ ಬರುತ್ತಂತೆ."

ಅವರು ಕಿಕ್ ಹೊಡೆದು ಆಕ್ಸಿಲರೇಟರ್ ತಿರುವಿದರು. ಲೈಟು ಬೆಳ್ಳಗೆ ಉರಿಯಿತು, ಬಿಟ್ಟರೆ ಕೆಂಪಗಾಯಿತು. "ಗೊತ್ತಾಯ್ತು ಬಿಡಿ. ರೆಗ್ಯುಲೇಟರ್ ವೀಕ್ ಆಗಿದೆ. ಹಿಂಗೇ ಬಿಟ್ರೆ ಒಂದಿನ ಬಲ್ಬ್ ಸುಟ್ಟು ಹೋಗುತ್ತೆ" ಎಂದರು.

"ಅಯ್ಯೋ, ಬಿಡ್ತು ಅನ್ನಿ ಭಾಯಿ! ಬೆಳಬೆಳಗ್ಗೆ ದೀಪದ ವಿಷಯದಲ್ಲಿ ಹಂಗೆಲ್ಲ ಅನ್ಬಾರ್ದು" ಎಂದು ಅಮ್ಮ ಗದರಿದಳು. ಅವರು ನಕ್ಕು, "ಬಿಡ್ತು ಬಿಡ್ತು" ಎನ್ನುತ್ತ ಬೈಕನ್ನು ತೆಗೆದುಕೊಂಡು ಹೋದರು.

ಅದರಲ್ಲಿ ನನಗೆ ವಿಚಿತ್ರವೇನೂ ಕೇಳಿಸಲಿಲ್ಲ. ಅದು ನಮ್ಮ ಮನೆಯ ಭಾಷೆ, ನನ್ನ ಕಿವಿಗೆ ನೇರವಾಗಿಯೇ ಬಿತ್ತು. ಅವರ ಕಿವಿಗೂ ನೇರವಾಗಿಯೇ ಬಿತ್ತು, ಅರ್ಥ ಮಾತ್ರ ಬೇರೆ. ಲೈಟು ಹೋಗುತ್ತದೆ ಎಂದು ಅಮ್ಮ ಹೇಳಿದ್ದನ್ನು ಅವರು ಲೈಟು ಹೆಚ್ಚಾಗುತ್ತದೆ ಎಂದು ತಿಳಿದರು. ಹ್ಯಾಂಡಲ್ ತಿರುವುವುದೆಂದರೆ ಆಕ್ಸಿಲರೇಟರ್ ತಿರುವುವುದು ಎಂದುಕೊಂಡರು. ಪರೀಕ್ಷಿಸಿದಾಗ ಬೈಕು ಕೂಡ ಅದೇ ಸಾಕ್ಷಿ ಹೇಳಿತು. ಸಂಜೆಯೊಳಗೆ ಹೊಸ ರೆಗ್ಯುಲೇಟರ್ ಕೂರಿಸಿ, ಗಾಡಿಯನ್ನು ಒರೆಸಿ ತಂದು ನಿಲ್ಲಿಸಿದರು.

ಅಪ್ಪ ಬಂದವರೇ ಗೋಡೆಯ ಮುಂದೆ ನಿಲ್ಲಿಸಿ ನೋಡಿದರು. ಹ್ಯಾಂಡಲ್ ಹೊರಳಿಸಿದರು. ಲೈಟು ಕದಲಲಿಲ್ಲ. ಲೂಸ್ ಕಾಂಟ್ಯಾಕ್ಟಿನ ಜಾಯಮಾನವೇ ಅದು, ಕೈ ತಾಗಿದರೆ ನಾಲ್ಕು ದಿನ ಸಭ್ಯವಾಗಿರುತ್ತದೆ. ರೆಗ್ಯುಲೇಟರ್ ಬದಲಿಸುವಾಗ ವೈರುಗಳು ಅಲುಗಾಡಿ ತುಂಡಾದ ತುದಿಗಳು ಮತ್ತೆ ಒಂದಕ್ಕೊಂದು ತಾಗಿದ್ದವು. "ನೋಡಿದ್ಯಾ, ಒಂದೇ ಮಾತಿಗೆ ಹಿಡಿದುಬಿಟ್ಟಿದ್ದಾರೆ" ಎಂದು ಅಪ್ಪ ಮೆಚ್ಚಿಕೊಂಡರು. ಅಮ್ಮನಿಗೆ ತಾನೇ ರಿಪೇರಿ ಮಾಡಿದಷ್ಟು ಹೆಮ್ಮೆ.

ಅದಾಗಿ ಒಂದು ವಾರವೂ ಕಳೆದಿರಲಿಲ್ಲ. ಚಳಿಗಾಲ, ಬೇಗ ಕತ್ತಲಾಗುವ ದಿನಗಳು. ಕಾರ್ಖಾನೆಯಿಂದ ಸಂಜೆ ಹೊರಟ ಅಪ್ಪ ನಾಲೆ ದಾಟಿದ ಮೇಲೆ ಸಿಗುವ ತಿರುವಿನಲ್ಲಿ, ರಸ್ತೆ ರಿಪೇರಿಗೆಂದು ಸುರಿದಿದ್ದ ಜಲ್ಲಿ ರಾಶಿಗೆ ಹೊಡೆದು ಬಿದ್ದರು. ಹಿಂದೆ ಬರುತ್ತಿದ್ದ ಲಾರಿಯವರು ಎತ್ತಿಕೊಂಡು ಭದ್ರಾವತಿಯ ಆಸ್ಪತ್ರೆಗೆ ಸೇರಿಸಿದರು. ನಾವು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಪ್ಪನ ಮುಖಕ್ಕೆ ಏನೂ ಆಗಿರಲಿಲ್ಲ. ಹಣೆಯ ವಿಭೂತಿ ಕೂಡ ಅರ್ಧ ಉಳಿದಿತ್ತು. ಅದನ್ನು ನೋಡಿ ನನಗೆ ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು ಬಂತು. ಆಸ್ಪತ್ರೆಯ ಗೋಡೆಗೆ ಕೈಯಿಂದ ಹೊಡೆದೆ, ಅಮ್ಮ ನನ್ನ ಕೈ ಹಿಡಿದುಕೊಂಡಳು.

ಮಣ್ಣು ಮಾಡಿ ಕೆಲವು ದಿನಗಳಾದ ಮೇಲೆ ಮೆಕ್ಯಾನಿಕ್ ಮನೆಗೆ ಬಂದರು. ಹೊಸ್ತಿಲಾಚೆಯೇ ನಿಂತರು, ಕರೆದರೂ ಒಳಗೆ ಬರಲಿಲ್ಲ. ಅಮ್ಮ ನಡುಮನೆಯ ಗೋಡೆಗೆ ಒರಗಿ ಕೂತಿದ್ದಳು.

"ಅಕ್ಕಾ, ನಾನು ಹೊಸಾ ರೆಗ್ಯುಲೇಟರೇ ಹಾಕಿದ್ದೆ. ಖುದ್ದು ಓಡ್ಸಿ ನೋಡ್ದೆ. ಲೈಟು ಒಂದಿಷ್ಟೂ ಹೆಚ್ಚಾಗ್ತಾ ಇರ್ಲಿಲ್ಲ, ದೇವರಾಣೆ" ಎಂದರು. ಅವರ ಕಣ್ಣುಗಳು ಕೆಂಪಾಗಿದ್ದವು.

"ಹೆಚ್ಚಾಗೋದು ಅಂದ್ರೇನು ಭಾಯಿ?" ಎಂದಳು ಅಮ್ಮ.

"ನೀವೇ ಅಂದ್ರಲ್ಲಾ ಅಕ್ಕ. ತಿರುವಿದ್ರೆ ಲೈಟು ದೊಡ್ಡದಾಗುತ್ತೆ ಅಂತ."

ಅಮ್ಮ ಅವರನ್ನೇ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನನಗೆ ಆಗ ಅರ್ಥವಾಯಿತು. ಮಾತು ಕಲಿಯುವ ಮಗು ಹೊಸ ಪದ ಹೇಳುವ ಹಾಗೆ ಅಮ್ಮ ನಿಧಾನವಾಗಿ, "ದೊಡ್ಡದಾಗುತ್ತೆ ಅಂದ್ರೆ... ಆರುತ್ತೆ ಅಂತ. ಆರಿ ಹೋಗುತ್ತೆ ಅಂತ" ಎಂದಳು. ಹೊಸ್ತಿಲ ಆಚೆ ಅವರು ಎರಡೂ ಕೈಗಳನ್ನು ತಲೆಯ ಮೇಲೆ ಇಟ್ಟುಕೊಂಡು ಕೂತುಬಿಟ್ಟರು.

ಆ ದಿನದಿಂದ ಅಮ್ಮನ ಮಾತು ಬದಲಾಯಿತು. ಶಿವಗಣಾರಾಧನೆಯ ಕಾರ್ಡಿಗೆ ಅಮ್ಮನ ತಮ್ಮ, ನಮ್ಮ ಮಾವ, "ಲಿಂಗೈಕ್ಯರಾದರು" ಎಂದು ಬರೆದು ತಂದು ಓದಿದರೆ, "ಸತ್ರು ಅಂತ ಬರಿ" ಎಂದಳು. "ಹಂಗೆ ಯಾರೂ ಬರೆಸಲ್ಲ ಕಣಕ್ಕ" ಎಂದು ಮಾವ ತಿಳಿಹೇಳಿದರು. "ಸತ್ತೋರಿಗೆ ಸತ್ರು ಅನ್ನದೆ ಇನ್ನೇನು ಅಂತಾರೆ? ಓದ್ದೋರು ತಪ್ಪು ತಿಳ್ಕೋಬಾರ್ದು" ಎಂದಳು. ಕಾರ್ಡು ಎಲ್ಲರ ಮನೆಯ ಕಾರ್ಡಿನಂತೆಯೇ ಅಚ್ಚಾಯಿತು. ಅಮ್ಮ ಅದನ್ನು ಕೈಯಲ್ಲಿ ಮುಟ್ಟಲಿಲ್ಲ.

ಅಕ್ಕಿ ಮುಗಿಯತೊಡಗಿತು. ಬಳೆ ಒಡೆಯತೊಡಗಿತು. ಹೊರಟವರು "ಬರ್ತೀನಿ" ಎಂದರೆ, "ಹೋಗ್ತೀನಿ ಅನ್ನು. ಹೋಗ್ತಿರೋದು ತಾನೇ?" ಎನ್ನುತ್ತಿದ್ದಳು. ಪಕ್ಕದ ಮನೆಯ ಬಸುರಿ ಹುಡುಗಿ ದೀಪಕ್ಕೆ ಎಣ್ಣೆ ಹಾಕುವುದನ್ನು ಮರೆತಾಗ, ಅವಳ ಅತ್ತೆಯ ಎದುರಿಗೇ "ನಿಮ್ಮನೆ ದೀಪ ಆರಿದೆ, ನೋಡಿ" ಎಂದು ಜೋರಾಗಿ ಹೇಳಿದಳು. ಆ ಅತ್ತೆ ಮುಖ ಗಂಟು ಹಾಕಿಕೊಂಡು ಒಳಗೆ ಹೋದರು. ಮುತ್ತೈದೆಯರು ನಮ್ಮ ಮನೆಯ ಮುಂದೆ ನಿಂತು ಮಾತಾಡುವುದು ಕಡಿಮೆಯಾಯಿತು. ಗಂಡ ಹೋದದ್ದಕ್ಕೆ ತಲೆ ಕೆಟ್ಟಿದೆ ಎಂದು ಕೆಲವರು, ನಾಲಿಗೆ ಕರಿ ಎಂದು ಕೆಲವರು. ಅಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳಿಗೆ ಯಾರನ್ನೂ ನೋಯಿಸುವ ಉದ್ದೇಶವಿರಲಿಲ್ಲ. ತನ್ನ ಮಾತು ಇನ್ನೊಬ್ಬರ ಕಿವಿಯಲ್ಲಿ ಬೇರೆಯಾಗಿಬಿಟ್ಟರೆ ಎಂಬ ಹೆದರಿಕೆಯಿಂದ ಒಂದೊಂದು ಪದವನ್ನೂ ಸಿಪ್ಪೆ ಸುಲಿದು ಎದುರಿಗಿಡುತ್ತಿದ್ದಳು.

ಅವಳ ಹಳೆಯ ಮಾತನ್ನು ಅಷ್ಟು ಗೇಲಿ ಮಾಡಿದವಳು ನಾನು. ಈಗ ಅದಕ್ಕಾಗಿ ಹಂಬಲಿಸಿದೆ. ಒಂದು ಬೆಳಿಗ್ಗೆ ಡಬ್ಬ ತೆಗೆದು, "ಅಮ್ಮಾ, ಸಕ್ಕರೆ ಹೆಚ್ಚಿದೆ" ಎಂದೆ. "ಹೆಚ್ಚಿದ್ರೆ ಯಾಕೆ ತರ್ಬೇಕು?" ಎಂದಳು. ಅವಳು ತಮಾಷೆ ಮಾಡುತ್ತಿರಲಿಲ್ಲ. ನನಗೆ ಅಳು ಬಂತು, ಆಮೇಲೆ ಸಿಟ್ಟು ಬಂತು. "ನಿನ್ನ ಒಂದು ಮಾತಿಗೆ ಅಪ್ಪ ಸತ್ರಾ? ಅಲ್ಲಿ ಜಲ್ಲಿ ಸುರಿದೋರದ್ದೇನೂ ಇಲ್ವಾ? ಲೈಟ್ ಉರೀತಾನೇ ಇತ್ತೋ ಏನೋ, ಕಂಡೋರ್ಯಾರು?" ಎಂದು ಕಿರುಚಿದೆ.

ಅಮ್ಮ ತಿರುಗಿ, "ಹೌದಲ್ವಾ. ಉರೀತಿತ್ತೋ ಆರಿತ್ತೋ, ಅದನ್ನ ತಿಳ್ಕೊಳ್ಳೋಕಾಗುತ್ತಾ?" ಎಂದು ಕೇಳಿದಳು. ಅಪ್ಪ ಹೋದ ಮೇಲೆ ಅವಳು ನನ್ನಿಂದ ಏನನ್ನಾದರೂ ಬಯಸಿದ್ದು ಅದೇ ಮೊದಲು.

ನಾನು ಸೀದಾ ಮೆಕ್ಯಾನಿಕ್ಕಿನ ಅಂಗಡಿಗೆ ಹೋದೆ. ಅವರು ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದರು. ವಿಷಯ ಹೇಳಿದೆ. ಎದ್ದು ಹೋಗಿ ಎರಡು ಹಳೆಯ ಬಲ್ಬು ತೆಗೆದರು. ಒಂದನ್ನು ಬ್ಯಾಟರಿಗೆ ಕೊಟ್ಟು ಉರಿಸಿ, ಬಟ್ಟೆ ಮುಚ್ಚಿ ಇಕ್ಕಳದಿಂದ ಗಾಜನ್ನು ಒಡೆದರು. ಬಿಳಿ ಹೊಗೆ ಎದ್ದಿತು. ಬಟ್ಟೆ ತೆಗೆದರೆ ಒಳಗಿನ ಎಳೆ ಕಪ್ಪಾಗಿ, ಅದರ ಮೇಲೆ ಹಳದಿ ಬೂದಿ ಕೂತಿತ್ತು. ಇನ್ನೊಂದನ್ನು ಉರಿಸದೆಯೇ ಒಡೆದರು. ಎಳೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

"ಉರೀತಾ ಇರುವಾಗ ಒಡೆದ್ರೆ ಗಾಳಿ ತಾಕಿ ಬೂದಿ ಆಗುತ್ತೆ. ಆರಿದ್ದಾಗ ಒಡೆದ್ರೆ ಹೊಳೀತಾನೇ ಇರುತ್ತೆ. ನಿಮ್ಮ ಅಪ್ಪನ ಗಾಡಿ ಬಲ್ಬ್ ನೋಡಿದ್ರೆ ಗೊತ್ತಾಗುತ್ತಮ್ಮ" ಎಂದರು. ಆಮೇಲೆ ದನಿ ತಗ್ಗಿಸಿ, "ನೋಡಲೇಬೇಕಾ?" ಎಂದು ಕೇಳಿದರು. ನಾನು ಹೂಂ ಎಂದೆ. ಬೂದಿಯೇ ಸಿಗುತ್ತದೆ ಎಂದು ನಾನಾಗಲೇ ತೀರ್ಮಾನಿಸಿ ಆಗಿತ್ತು. ಬೂದಿ ಸಿಕ್ಕರೆ ಅಮ್ಮನನ್ನು ಅವಳ ಮಾತಿನ ಸಮೇತ ಹಿಂದಕ್ಕೆ ಕರೆತರಬಹುದು ಎಂದು ಮೊಂಡುತನದಿಂದ ನಂಬಿದ್ದೆ.

ಮರುದಿನ ಇಬ್ಬರೂ ಬಸ್ಸಿನಲ್ಲಿ ಭದ್ರಾವತಿಗೆ ಹೋದೆವು. ಆ ತಿರುವು ಬಂದಾಗ ನಾನು ಕಿಟಕಿಯಿಂದ ಹೊರಗೆ ನೋಡಲಿಲ್ಲ, ಅವರೂ ನೋಡಲಿಲ್ಲ. ಓಲ್ಡ್‌ಟೌನಿನಲ್ಲಿ ಇಳಿದಾಗ ಕಾರ್ಖಾನೆಯ ಸೈರನ್ ಕೂಗಿತು. ಅಪ್ಪನ ಪಾಳಿಯವರು ಸೈಕಲ್ಲುಗಳಲ್ಲಿ ಗುಂಪುಗುಂಪಾಗಿ ಬರುತ್ತಿದ್ದರು. ಟೀ ಅಂಗಡಿಯ ತಮಿಳಿನವರು ನನ್ನ ಮುಖದಲ್ಲಿ ಅಪ್ಪನ ಗುರುತು ಹಿಡಿದು, "ಬಾಮ್ಮಾ, ಒಂದ್ ಟೀ ಕುಡಿ" ಎಂದರು. ಅಪ್ಪ ದಿನವೂ ಅಲ್ಲಿಯೇ ಕುಡಿಯುತ್ತಿದ್ದರಂತೆ, ಅದು ನನಗೆ ಗೊತ್ತೇ ಇರಲಿಲ್ಲ. ಲೋಟವನ್ನು ಹಾಗೆಯೇ ಇಟ್ಟು ಠಾಣೆಯ ದಾರಿ ಹಿಡಿದೆ.

ಠಾಣೆಯ ಹಿಂಭಾಗದಲ್ಲಿ, ತಗಡಿನ ಮಾಡಿನ ಕೆಳಗೆ, ಅಪಘಾತದ ಗಾಡಿಗಳನ್ನು ಒಂದರ ಮೇಲೊಂದು ಒರಗಿಸಿದ್ದರು. ನಮ್ಮದು ಮುಂದೆಯೇ ಇತ್ತು. ಹೆಡ್‌ಲೈಟಿನ ಮೇಲರ್ಧಕ್ಕೆ ಅಪ್ಪ ಹಚ್ಚಿದ್ದ ಕಪ್ಪು ಬಣ್ಣದ ಚೂರು ಗಾಜಿನಲ್ಲಿ ಉಳಿದಿತ್ತು. ಎದುರಿನವರ ಕಣ್ಣಿಗೆ ಬೆಳಕು ಹೊಡೆಯಬಾರದೆಂದು ಹಚ್ಚಿದ್ದು. ಕಾನ್‌ಸ್ಟೇಬಲ್ ಒಬ್ಬರು, "ಬೇಗ ನೋಡ್ಕೊಂಡು ಹೋಗಿ ಮಾರಾಯ್ರೆ, ಏನೂ ಬಿಚ್ಚಿ ತಗೊಂಡೋಗ್ಬೇಡಿ" ಎಂದು ಹೇಳಿ ಆಚೆ ಹೋದರು.

ಮೆಕ್ಯಾನಿಕ್ ಮೊದಲು ಬಲ್ಬಿನ ತಂಟೆಗೆ ಹೋಗಲಿಲ್ಲ. ಹ್ಯಾಂಡಲ್ಲಿನ ಕುತ್ತಿಗೆಯ ಹತ್ತಿರ ವೈರುಗಳ ಕಟ್ಟನ್ನು ಎಳೆದು, ಒಂದೊಂದನ್ನೇ ಬೆರಳುಗಳ ನಡುವೆ ಹಿಡಿದು ಜಪಮಣಿ ಎಣಿಸುವ ಹಾಗೆ ಸರಿಸುತ್ತ ಹೋದರು. ಒಂದು ಕಡೆ ಬೆರಳು ನಿಂತಿತು. "ಇಲ್ಲಿ ಮೆತ್ತಗಿದೆ" ಎಂದು ನನ್ನ ಬೆರಳನ್ನೂ ಅಲ್ಲಿಗೆ ಮುಟ್ಟಿಸಿದರು. ಹೊರಗಿನ ಪ್ಲಾಸ್ಟಿಕ್ಕು ನೆಟ್ಟಗಿತ್ತು, ಒಳಗೆ ತಾಮ್ರವೇ ಇರಲಿಲ್ಲ. ಹ್ಯಾಂಡಲ್ ಹೊರಳಿ ಹೊರಳಿ ಅಲ್ಲಿ ತುಂಡಾಗಿತ್ತು. "ಆರುತ್ತೆ ಅಂತ ಒಂದ್ಮಾತು ಕಿವಿಗೆ ಬಿದ್ದಿದ್ರೆ, ನಾನು ಮೊದಲು ಕೈ ಹಾಕ್ತಿದ್ದಿದ್ದೇ ಇಲ್ಲಿಗೆ" ಎಂದರು.

ಆಮೇಲೆ ಬಲ್ಬನ್ನು ನೋಡಿದರು. ಗಾಜು ಪೂರ್ತಿ ಒಡೆದಿತ್ತು. ಅವರು ಬಹಳ ಹೊತ್ತು ಬಗ್ಗಿಯೇ ಇದ್ದರು. ನಾನು ಅವರ ಭುಜದ ಮೇಲಿಂದ ಇಣುಕಿದೆ. ಡಿಮ್ಮಿನದೂ ಬ್ರೈಟಿನದೂ, ಒಳಗಿನ ಎರಡೂ ಎಳೆಗಳು ಬೆಳ್ಳಗೆ ಹೊಳೆಯುತ್ತಿದ್ದವು. ಬೂದಿ ಇರಲಿಲ್ಲ.

ಇಬ್ಬರೂ ಅಲ್ಲಿಯೇ ನೆಲದ ಮೇಲೆ ಕೂತೆವು. ಅವರು ಕೈಯ ಗ್ರೀಸನ್ನು ಒರೆಸಿಕೊಳ್ಳುತ್ತ ಹೇಳಿದರು: "ನಮ್ಮ ದಾದಿ, ಅಂದ್ರೆ ನಮ್ಮಪ್ಪನ ತಾಯಿನೂ ಹಂಗೇ ಅಂತಿದ್ರು ಕಣಮ್ಮ. ದೀಪ ಆರ್ಸು ಅಂತ ಅನ್ತಾನೇ ಇರ್ಲಿಲ್ಲ. 'ಚಿರಾಗ್ ಬಢಾ ದೇ' ಅಂತಿದ್ರು. ಬಢಾನಾ ಅಂದ್ರೆ ದೊಡ್ಡದು ಮಾಡೋದು. ಈಗ್ಲೂ ಬಜಾರ್‌ನಲ್ಲಿ ಅಂಗಡಿ ಮುಚ್ಚೋಕೆ 'ದುಕಾನ್ ಬಢಾನಾ' ಅಂತೀವಿ, ಮುಚ್ಚೋದು ಅನ್ನಲ್ಲ. ದಿನಾ ಸಾಯಂಕಾಲ ನಾನೇ ಅಂತೀನಿ. ಅಕ್ಕ ಅಂದಿದ್ದು ನಂಗೆ ಹೊಳೀಲಿಲ್ವಲ್ಲಾ." ದುಃಖ ಒತ್ತರಿಸಿ ಬಂದು ಅವರು ಮುಖ ಆಚೆ ತಿರುಗಿಸಿದರು. ನನಗೆ ಅವರನ್ನು ಸಮಾಧಾನ ಮಾಡಲು ಬರಲಿಲ್ಲ. ನನ್ನನ್ನೇ ಯಾರಾದರೂ ಸಮಾಧಾನ ಮಾಡಬೇಕಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವರು, "ಉರೀತಿತ್ತು ಅಂತ ಹೇಳೋಣಮ್ಮ. ಬೂದಿ ಇತ್ತು ಅಂತ ನಾನೇ ಹೇಳ್ತೀನಿ. ಅಕ್ಕನ ಎದೆ ಮೇಲಿಂದ ಕಲ್ಲು ಇಳಿಯುತ್ತೆ. ಇಂಥಾ ಸುಳ್ಳಿಗೆ ದೇವರು ಕ್ಷಮಿಸ್ತಾನೆ" ಎಂದರು. ನಾನು ಒಪ್ಪಿದೆ. ದಾರಿಯುದ್ದಕ್ಕೂ ಆ ಸುಳ್ಳನ್ನು ಬಾಯೊಳಗೆ ಹೊರಳಿಸಿ ಹೊರಳಿಸಿ ನುಣ್ಣಗೆ ಮಾಡಿಕೊಂಡೆ.

ನಾವು ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಅಮ್ಮ ನಡುಮನೆಯಲ್ಲಿ ಸೊಪ್ಪು ಸೋಸುತ್ತಿದ್ದಳು. ಮೆಕ್ಯಾನಿಕ್ ಹೊಸ್ತಿಲ ಆಚೆ ನಿಂತರು. ಅಮ್ಮ ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟಳು. ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಉರೀತಿತ್ತಾ? ಆರಿತ್ತಾ?"

ಮೆಕ್ಯಾನಿಕ್, "ಅಕ್ಕಾ, ಬೂದಿ..." ಎಂದು ಶುರು ಮಾಡಿದರು. ಅಮ್ಮ ಕೈ ಎತ್ತಿ ತಡೆದಳು. "ಅವಳು ಹೇಳ್ಲಿ."

ಅವಳ ಕಣ್ಣುಗಳಲ್ಲಿ ಆಸೆ ಇರಲಿಲ್ಲ. ಸಮಾಧಾನ ಬೇಕೆಂದು ಅವಳು ಕೇಳುತ್ತಿರಲಿಲ್ಲ. ಎಷ್ಟೋ ವರ್ಷ ಮಾತಿಗೆ ಬಟ್ಟೆ ಸುತ್ತಿ ಸುತ್ತಿ ಆಡಿದವಳು, ಈಗ ಬತ್ತಲೆ ಮಾತೊಂದನ್ನು ಮಗಳಿಂದ ಕೇಳುತ್ತಿದ್ದಳು. ನುಣ್ಣಗೆ ಮಾಡಿಕೊಂಡಿದ್ದ ಸುಳ್ಳು ನಾಲಿಗೆಯ ತುದಿಗೆ ಬರಲಿಲ್ಲ.

"ಆರಿತ್ತು" ಎಂದೆ.

ಅಮ್ಮ ತಲೆಯಾಡಿಸಿದಳು. ಹೊಸ್ತಿಲ ಕಡೆಗೆ ತಿರುಗಿ, "ಭಾಯಿ, ಓಡಿಸ್ತಾ ಓಡಿಸ್ತಾ ಲೈಟ್ ಆರಿದ್ರೆ ಮುಂದೆ ಏನಾದ್ರೂ ಕಾಣುತ್ತಾ?" ಎಂದು ಕೇಳಿದಳು.

"ಇಲ್ಲಕ್ಕ. ಬೆಳಕಿದ್ದು ಹೋದ್ರೆ ಕಣ್ಣಿಗೆ ಇನ್ನೂ ಕತ್ತಲೆ."

"ಜಲ್ಲಿ ರಾಶಿ ಕಂಡಿರಲ್ವಾ?"

"ಕಂಡಿರಲ್ಲ."

"ಹಂಗಾರೆ ಹೆದರಿರಲ್ಲ" ಎಂದಳು ಅಮ್ಮ. ಅಪ್ಪ ಹೆದರಲಿಲ್ಲ ಎಂಬುದನ್ನು ನಾವ್ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ. ಆ ಕತ್ತಲೆಯಲ್ಲಿ ತಾನೇ ತಡಕಾಡಿ ಅದಷ್ಟನ್ನು ಹುಡುಕಿಕೊಂಡಳು. ನಾನು ಸೆರಗಿಲ್ಲದ ಚೂಡಿದಾರದ ತೋಳಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಮೆಕ್ಯಾನಿಕ್ ಹೋಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ತಮ್ಮ ದಾದಿಯ ಮಾತನ್ನು ಅಮ್ಮನಿಗೂ ಹೇಳಿದರು. ಚಿರಾಗ್ ಬಢಾನಾ ಎಂಬುದನ್ನು ಹೇಳಿ, ಅದರ ಅರ್ಥ ಹೇಳಿ, "ತಪ್ಪು ನಂದೇ ಅಕ್ಕ. ನಂಗೆ ತಿಳೀಬೇಕಿತ್ತು. ನಮ್ಮನೆ ಮಾತೇ ಅದು" ಎಂದರು.

ಅಮ್ಮ ಅವರ ಮಾತನ್ನು ಕೊನೆಯವರೆಗೂ ಕೇಳಿದಳು. ಮತ್ತೆ ಸೊಪ್ಪಿನ ಕಡ್ಡಿ ಕೈಗೆತ್ತಿಕೊಂಡು ಒಂದೊಂದೇ ಎಲೆ ಬಿಡಿಸುತ್ತ, "ನಿಮ್ಮ ದಾದಿ ದೀಪಕ್ಕೆ ಅಂತಿದ್ರು ಭಾಯಿ. ಗಾಡಿಗೆ ಯಾರೂ ಹಂಗನ್ನಲ್ಲ. ನಾನೊಬ್ಳೇ ಅಂದಿದ್ದು" ಎಂದಳು.

ಅದನ್ನು ಹೇಳುವಾಗ ಅವಳ ದನಿ ನಡುಗಲಿಲ್ಲ. ನಡುಗಿದ್ದರೆ ನಾನು ಎದ್ದು ಹೋಗಿ ಅವಳನ್ನು ತಬ್ಬಿಕೊಳ್ಳಬಹುದಿತ್ತು.